ಈ ವಾರ ಏನು ಕಲಿತೆ, ಮಗು?

ಮಗು ಶಾಲೆಯಿಂದ ಮನೆಗೆ ಬಂದೊಡನೆ ನಾವು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಒಂದೇ. ‘ಊಟ ಮಾಡಿದೆಯಾ?’, ‘ಹೋಂವರ್ಕ್ ಎಷ್ಟು ಕೊಟ್ಟಿದ್ದಾರೆ?’, ‘ಟೆಸ್ಟಿನಲ್ಲಿ ಎಷ್ಟು ಬಂತು?’ ಮಗು ಒಂದೊಂದೇ ಮಾತಿನಲ್ಲಿ ಉತ್ತರ ಹೇಳಿ, ಚೀಲವನ್ನು ಮೂಲೆಗೆಸೆದು ಆಟಕ್ಕೆ ಓಡುತ್ತದೆ. ‘ಈ ವಾರ ಏನು ಕಲಿತೆ?’ ಎಂದು ಕೇಳುವವರು ಕಡಿಮೆ. ಕೇಳಿದರೂ ‘ಏನೂ ಇಲ್ಲ’ ಎಂಬ ಉತ್ತರ ಬರುವುದುಂಟು. ಇದರಲ್ಲಿ ಮಗುವಿನ ತಪ್ಪಿಲ್ಲ. ತರಗತಿಯಲ್ಲಿ ನಡೆದದ್ದೇನು ಎಂಬ ಸುಳಿವೇ ಇಲ್ಲದೆ ಕೇಳಿದ ಪ್ರಶ್ನೆಗೆ ಉತ್ತರ ಹೀಗೇ ಬರುತ್ತದೆ. ಆ ಸುಳಿವನ್ನು ವಾರಕ್ಕೊಮ್ಮೆ ಮನೆಗೆ ತಲುಪಿಸುವುದು ಶಾಲೆಯ ಕೆಲಸ. ಅದನ್ನು ಬಳಸಿಕೊಳ್ಳುವುದು ಮನೆಯ ಕೆಲಸ. ಇವೆರಡೂ ನಾವು ಅಂದುಕೊಂಡಷ್ಟು ಕಷ್ಟವಲ್ಲ.

ಪಾಳಿಯ ಊರುಗಳು

ಬೆಂಗಳೂರಿನ ಅಂಚಿನ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಜಮೀನಿನಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಬುನಾದಿ ಹಾಕಿದಾಗ ಸುತ್ತಲೂ ಇದ್ದದ್ದು ಹಳ್ಳಿಗಳೇ. ಹಳ್ಳಿಯಲ್ಲಿ ಮೇಷ್ಟ್ರಿಗೆ ಮಗುವಿನ ತಂದೆ ಸಂತೆಯಲ್ಲೋ ಅರಳೀಕಟ್ಟೆಯಲ್ಲೋ ಸಿಗುತ್ತಿದ್ದರು. ‘ನಿಮ್ಮ ಹುಡುಗ ಮಗ್ಗಿಯಲ್ಲಿ ಹಿಂದೆ ಬಿದ್ದಿದ್ದಾನೆ, ನೋಡಿಕೊಳ್ಳಿ’ ಎಂದು ನಿಂತ ನಿಲುವಿನಲ್ಲೇ ಹೇಳಿಬಿಡಬಹುದಿತ್ತು. ಅದಕ್ಕೆ ಸಭೆಯೂ ಬೇಕಿರಲಿಲ್ಲ, ಸುತ್ತೋಲೆಯೂ ಬೇಕಿರಲಿಲ್ಲ.

ಇಂದು ಈ ಪ್ರದೇಶಗಳ ಸರ್ಕಾರಿ ಶಾಲೆಯ ಒಂದು ತರಗತಿಗೆ ಹೋಗಿ ನೋಡಿ. ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಬಂದವರ ಮಕ್ಕಳಿದ್ದಾರೆ. ತೆಲುಗು, ತಮಿಳು, ಉರ್ದು, ಹಿಂದಿ, ಒಡಿಯಾ ಮನೆಮಾತಿನ ಮಕ್ಕಳಿದ್ದಾರೆ. ತಾಯಿ ಗಾರ್ಮೆಂಟ್ಸಿಗೆ ಹೋದರೆ ತಂದೆ ಸೆಕ್ಯುರಿಟಿ ಕೆಲಸಕ್ಕೋ, ಕ್ಯಾಬ್ ಓಡಿಸುವುದಕ್ಕೋ, ಕಟ್ಟಡದ ಕೆಲಸಕ್ಕೋ ಹೋಗುತ್ತಾನೆ. ಒಬ್ಬರು ಬರುವ ಹೊತ್ತಿಗೆ ಇನ್ನೊಬ್ಬರು ಹೊರಟಿರುತ್ತಾರೆ.

ಕೆಲಸದ ದಿನದಲ್ಲಿ ಪೋಷಕರ ಸಭೆ ಕರೆದರೆ ಈ ತಾಯಿ ಬರುವುದು ಹೇಗೆ? ರಜೆ ಹಾಕಿದರೆ ಆ ದಿನದ ಕೂಲಿ ಹೋಗುತ್ತದೆ. ಹಾಜರಿ ಬೋನಸ್ಸು ಇರುವ ಕಡೆ ಅದೂ ಕೈತಪ್ಪುತ್ತದೆ. ಆಕೆ ಬಾರದಿದ್ದರೆ ನಾವು ಉಪಾಧ್ಯಾಯರು ಸ್ಟಾಫ್ ರೂಮಿನಲ್ಲಿ ಕುಳಿತು ‘ಈ ಪೋಷಕರಿಗೆ ಆಸಕ್ತಿಯೇ ಇಲ್ಲ’ ಎನ್ನುತ್ತೇವೆ. ಇದು ನ್ಯಾಯವಾದ ಮಾತಲ್ಲ. ಓವರ್‌ಟೈಂ ದುಡಿದು ಮಗಳಿಗೆ ಹೊಸ ಚೀಲ ಕೊಡಿಸುವ ತಾಯಿಗೆ ಆಸಕ್ತಿ ಇಲ್ಲವೆನ್ನಲು ಯಾರಿಗೆ ಅಧಿಕಾರವಿದೆ?

ಅದೇ ರಸ್ತೆಯ ಆಚೆಗಿನ ಅಪಾರ್ಟ್‌ಮೆಂಟಿನಲ್ಲಿ ಕಥೆ ಬೇರೆ, ಫಲ ಒಂದೇ. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ. ಖಾಸಗಿ ಶಾಲೆಯಿಂದ ಮೊಬೈಲಿಗೆ ದಿನಕ್ಕೆ ಹತ್ತಾರು ಸಂದೇಶ ಬರುತ್ತವೆ: ಫೀಜು, ಬಸ್ಸು, ಫ್ಯಾನ್ಸಿ ಡ್ರೆಸ್ಸು, ಹೋಂವರ್ಕಿನ ಫೋಟೋ. ಇಷ್ಟೆಲ್ಲ ಓದಿದ ಮೇಲೂ ಮಗು ಈ ವಾರ ನಿಜವಾಗಿ ಏನನ್ನು ಅರ್ಥ ಮಾಡಿಕೊಂಡಿದೆ, ಎಲ್ಲಿ ತೊಡಕಿದೆ ಎಂಬುದು ಮಾತ್ರ ತಿಳಿಯುವುದಿಲ್ಲ.

ಅಂಕಪಟ್ಟಿ ತಡವಾಗಿ ಬರುವ ಸುದ್ದಿ

ಪೀಣ್ಯದ ಯಾವುದಾದರೂ ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಯಂತ್ರದ ಮುಂದೆ ನಿಂತ ಕೆಲಸಗಾರನನ್ನು ಗಮನಿಸಿ. ಸರಳನ್ನು ಸ್ವಲ್ಪ ತಿರುವಿ, ಯಂತ್ರ ನಿಲ್ಲಿಸಿ, ವರ್ನಿಯರ್ ಹಿಡಿದು ಅಳೆಯುತ್ತಾನೆ. ಮತ್ತೆ ಸ್ವಲ್ಪ ತಿರುವಿ ಮತ್ತೆ ಅಳೆಯುತ್ತಾನೆ. ಪೂರ್ತಿ ತಿರುವಿದ ಮೇಲೆ ಒಮ್ಮೆಗೇ ಅಳೆದರೆ, ಹೆಚ್ಚು ಕೊರೆದುಹೋದ ಲೋಹವನ್ನು ಮರಳಿ ಅಂಟಿಸಲಾಗುವುದಿಲ್ಲವೆಂದು ಅವನಿಗೆ ಗೊತ್ತು. ಮಕ್ಕಳು ಲೋಹವಲ್ಲ, ಅವರನ್ನು ಯಾವಾಗ ಬೇಕಾದರೂ ತಿದ್ದಬಹುದು ಎನ್ನೋಣ. ಆದರೆ ತಡವಾದಷ್ಟೂ ತಿದ್ದುವುದು ಕಷ್ಟ.

ಒಂದು ಉದಾಹರಣೆ ನೋಡೋಣ. 52ರಲ್ಲಿ 27 ಕಳೆಯಬೇಕು. ಎಷ್ಟೋ ಮಕ್ಕಳು ಬಿಡಿಸ್ಥಾನದಲ್ಲಿ ‘2ರಲ್ಲಿ 7 ಹೋಗುವುದಿಲ್ಲ, 7ರಲ್ಲಿ 2 ಹೋದರೆ 5’ ಎಂದು ಬರೆದು, ಹತ್ತರ ಸ್ಥಾನದಲ್ಲಿ 5ರಲ್ಲಿ 2 ಕಳೆದು 3 ಬರೆಯುತ್ತಾರೆ. ಉತ್ತರ 35. ಸರಿಯಾದ ಉತ್ತರ 25. ಇದು ಅಜಾಗರೂಕತೆಯಲ್ಲ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂಬ ನಿಯಮವನ್ನು ಮಗು ತಪ್ಪಾದ ಕಡೆ ಬಳಸಿದೆ. ಆ ವಾರವೇ ಗೊತ್ತಾದರೆ ಹತ್ತು ಕಡ್ಡಿಗಳ ಒಂದು ಕಟ್ಟನ್ನು ಬಿಚ್ಚಿ ತೋರಿಸಿದರೆ ಮುಗಿಯಿತು. ಗೊತ್ತಾಗದಿದ್ದರೆ ಅದೇ ತಪ್ಪು ಮುಂದಿನ ವರ್ಷ ಭಾಗಾಕಾರಕ್ಕೆ ಬರುತ್ತದೆ, ಏಕೆಂದರೆ ಭಾಗಾಕಾರದ ಪ್ರತಿ ಹೆಜ್ಜೆಯಲ್ಲೂ ಕಳೆಯಲೇಬೇಕು. ಆಗ ಅಂಕಪಟ್ಟಿಯಲ್ಲಿ ಕಾಣುವುದು ‘ಗಣಿತ: ಕಡಿಮೆ’ ಎಂದಷ್ಟೇ. ಎಲ್ಲಿ ಕಡಿಮೆ, ಯಾವಾಗಿನಿಂದ ಕಡಿಮೆ ಎಂದು ಅಂಕಪಟ್ಟಿ ಹೇಳುವುದಿಲ್ಲ. ‘ನಮ್ಮ ಮಗುವಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ’ ಎಂದು ಮನೆಯವರು ತೀರ್ಮಾನಿಸುತ್ತಾರೆ. ಕೊನೆಗೆ ಮಗುವೂ ಅದನ್ನೇ ನಂಬಿಬಿಡುತ್ತದೆ. ನಷ್ಟವಾಗುವುದು ಇಲ್ಲೇ.

ಕಾನೂನು ಮತ್ತು ನಲಿ-ಕಲಿಯ ಗೋಡೆ

ಮಗುವಿನ ಕಲಿಕೆಯನ್ನು ಪೋಷಕರಿಗೆ ತಿಳಿಸುವುದು ಉಪಾಧ್ಯಾಯರ ದಯೆಯ ವಿಷಯವಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್, ಉಪಾಧ್ಯಾಯರು ಪೋಷಕರೊಂದಿಗೆ ನಿಯತವಾಗಿ ಸಭೆ ನಡೆಸಿ ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಿ ಆದ ಪ್ರಗತಿಗಳನ್ನು ತಿಳಿಸಬೇಕೆಂದು ಹೇಳುತ್ತದೆ. ಅದೇ ಕಾಯ್ದೆಯ ಪ್ರಕಾರ ಸರ್ಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಇರಬೇಕು. ಕರ್ನಾಟಕದಲ್ಲಂತೂ 2001ರಿಂದಲೇ ಎಸ್‌ಡಿಎಂಸಿಗಳಿವೆ. ಪೋಷಕರನ್ನು ಶಾಲೆಗೆ ಕರೆದು ಮಕ್ಕಳ ಕೆಲಸವನ್ನು ತೋರಿಸುವ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮವೂ ನಮ್ಮದೇ. ಆದರೆ ಇವೆಲ್ಲ ವರ್ಷದಲ್ಲಿ ಕೆಲವು ಸಲ ನಡೆಯುವಂಥವು. ವಾರದಿಂದ ವಾರಕ್ಕೆ ಏನು?

ಅದಕ್ಕೂ ಒಂದು ದಾರಿಯನ್ನು ನಮ್ಮ ರಾಜ್ಯದ ಉಪಾಧ್ಯಾಯರೇ ತೋರಿಸಿದ್ದಾರೆ. ಆಂಧ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿಯಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನಿಂದ 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’, 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ಹಬ್ಬಿತು. ಇದರಲ್ಲಿ ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ‘ಕಲಿಕಾ ಏಣಿ’ಯಾಗಿ ಜೋಡಿಸಿದರು. ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು, ಕಾರ್ಡಿಗೆ ಒಂದು ಚಿತ್ರದ ಗುರುತು. ಯಾವ ಮಗು ಯಾವ ಮೆಟ್ಟಿಲಿನಲ್ಲಿದೆ ಎಂಬುದು ‘ಪ್ರಗತಿ ನೋಟ’ ಎಂಬ ಪಟ್ಟಿಯಲ್ಲಿ ಕಾಣುವಂತಾಯಿತು. ಮಕ್ಕಳು ಮಾಡಿದ ಚಿತ್ರ, ಬರಹಗಳನ್ನು ತಲೆಯ ಮೇಲಿನ ದಾರದ ಚಪ್ಪರಕ್ಕೆ ತೂಗುಹಾಕಿದರು.

ಇದರ ಸೊಗಸೇನೆಂದರೆ, ಅಕ್ಷರ ಬಾರದ ತಾಯಿಯೂ ಬಾಗಿಲಲ್ಲಿ ನಿಂತು ‘ನನ್ನ ಮಗಳು ಹೋದ ವಾರ ಅಲ್ಲಿದ್ದಳು, ಈ ವಾರ ಇಲ್ಲಿಗೆ ಬಂದಿದ್ದಾಳೆ’ ಎಂದು ಬೆರಳಿಟ್ಟು ಹೇಳಬಹುದು. ಕಲಿಕೆ ಕಣ್ಣಿಗೆ ಕಾಣುವ ವಸ್ತುವಾಯಿತು. ಕೊರತೆ ಒಂದೇ: ಆ ಗೋಡೆ ಶಾಲೆಯೊಳಗಿದೆ, ತಾಯಿ ಫ್ಯಾಕ್ಟರಿಯಲ್ಲಿದ್ದಾಳೆ. ಗೋಡೆಯನ್ನು ಮನೆಗೆ ಕಳಿಸಲಾಗದು. ಗೋಡೆಯ ಮಾತನ್ನು ಕಳಿಸಬಹುದು.

ಶನಿವಾರದ ಚೀಟಿ

ಶನಿವಾರ ಬೆಳಗಿನ ಶಾಲೆ. ಗಾರ್ಮೆಂಟ್ಸಿನ ತಾಯಿಗೆ ವಾರದ ರಜೆ ಸಾಮಾನ್ಯವಾಗಿ ಭಾನುವಾರ. ಆದ್ದರಿಂದ ಶನಿವಾರದ ಕೊನೆಯ ಹದಿನೈದು ನಿಮಿಷ ಈ ಕೆಲಸಕ್ಕೆ ಹೇಳಿಮಾಡಿಸಿದ ಹೊತ್ತು. ಮೇಷ್ಟ್ರು ಕಪ್ಪುಹಲಗೆಯ ಮೇಲೆ ನಾಲ್ಕೈದು ಸಾಲು ಬರೆಯಲಿ, ಮಕ್ಕಳು ನೋಡಿ ಬರೆದುಕೊಳ್ಳಲಿ. ಅದು ಅವತ್ತಿನ ಕಾಪಿ ಬರಹವೂ ಆಯಿತು. ಮೂರನೆಯ ತರಗತಿಯ ಚೀಟಿ ಹೀಗಿರಬಹುದು:

‘ಈ ವಾರ ಕನ್ನಡದಲ್ಲಿ ಒತ್ತಕ್ಷರದ ಪದಗಳನ್ನು ಓದಿದೆವು. ಗಣಿತದಲ್ಲಿ ಹತ್ತರ ಕಟ್ಟು ಬಿಚ್ಚಿ ಕಳೆಯುವುದನ್ನು ಕಲಿತೆವು. ಪರಿಸರ ಅಧ್ಯಯನದಲ್ಲಿ ನೀರು ಆವಿಯಾಗುವುದನ್ನು ನೋಡಿದೆವು. ಮನೆಯಲ್ಲಿ ನನ್ನನ್ನು ಕೇಳಿ: ಒದ್ದೆ ಕರವಸ್ತ್ರ ಮಡಿಸಿಟ್ಟರೆ ಬೇಗ ಒಣಗುತ್ತದೆಯೋ, ಹರವಿದರೆ ಬೇಗ ಒಣಗುತ್ತದೆಯೋ? ಯಾಕೆ? ಮುಂದಿನ ವಾರ ಅಳತೆ ಕಲಿಯುತ್ತೇವೆ.’

ಇಷ್ಟು ಸಾಕು. ಇದರಲ್ಲಿ ಅಂಕವಿಲ್ಲ, ದೂರಿಲ್ಲ. ಕಲಿತದ್ದು, ಮನೆಯಲ್ಲಿ ಕೇಳಬೇಕಾದ ಒಂದು ಪ್ರಶ್ನೆ, ಮುಂದೆ ಬರುವುದು, ಈ ಮೂರೇ ಇವೆ. ಆ ಪ್ರಶ್ನೆ ಮನೆಯ ಸಾಮಾನಿನಿಂದಲೇ ಉತ್ತರ ಸಿಗುವಂಥದ್ದಾಗಿರಬೇಕು. ಕರವಸ್ತ್ರದ ಮಾತು ಬಂದಾಗ ಗಾರ್ಮೆಂಟ್ಸಿನ ತಾಯಿ ಸುಮ್ಮನಿರುತ್ತಾಳೆಯೇ? ಹತ್ತಿ ಬಟ್ಟೆಗಿಂತ ಪಾಲಿಯೆಸ್ಟರ್ ಬಟ್ಟೆ ಬೇಗ ಒಣಗುತ್ತದೆಂದು ಆಕೆಗೆ ಅನುಭವದಿಂದ ಗೊತ್ತು. ಹತ್ತಿಯ ಎಳೆ ನೀರನ್ನು ಹೀರಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಎಳೆ ಅಷ್ಟಾಗಿ ಹೀರುವುದಿಲ್ಲ. ಮಗಳು ಈ ಮಾತನ್ನು ಸೋಮವಾರ ತರಗತಿಗೆ ತಂದರೆ ಪಾಠ ಪುಸ್ತಕಕ್ಕಿಂತ ಒಂದು ಹೆಜ್ಜೆ ಮುಂದೆ ಹೋಯಿತು. ತನ್ನ ತಾಯಿಗೂ ವಿಜ್ಞಾನ ಗೊತ್ತಿದೆಯೆಂಬ ಹೆಮ್ಮೆ ಮಗುವಿಗೆ ಬಂತು.

ಕನ್ನಡ ಓದಲು ಬಾರದ ಮನೆಗೆ ಈ ಚೀಟಿ ಏನು ಪ್ರಯೋಜನ ಎನ್ನಬಹುದು. ಅಲ್ಲಿ ಚೀಟಿಯನ್ನು ಓದುವುದು ಮಗು. ಗಟ್ಟಿಯಾಗಿ ಓದಿ, ತೆಲುಗಿನಲ್ಲೋ ಒಡಿಯಾದಲ್ಲೋ ಅಮ್ಮನಿಗೆ ವಿವರಿಸಬೇಕು. ತಿಳಿದದ್ದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳುವುದಕ್ಕಿಂತ ಒಳ್ಳೆಯ ಪರೀಕ್ಷೆ ಬೇರಿಲ್ಲ. ಮೊಬೈಲ್ ಇರುವವರಿಗೆ ಮೇಷ್ಟ್ರು ಇದೇ ಮಾತನ್ನು ಒಂದು ನಿಮಿಷದ ಧ್ವನಿ ಸಂದೇಶವಾಗಿ ಕಳಿಸಬಹುದು. ಒಂದು ಎಚ್ಚರಿಕೆ: ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರಿಗೂ ಸೇರಿದ ವಿಷಯವಷ್ಟೇ ಇರಲಿ. ಒಂದು ಮಗುವಿನ ತಪ್ಪು, ಒಂದು ಮಗುವಿನ ಅಂಕ ಆ ಮಗುವಿನ ಮನೆಗೆ ಮಾತ್ರ ಹೋಗಬೇಕು.

ಒಂದು ಸಾಲಿನ ಬಲ

ಇದು ಬರೀ ಆಸೆಯ ಮಾತಲ್ಲ. ಅಮೆರಿಕದ ಮ್ಯಾಥ್ಯೂ ಕ್ರಾಫ್ಟ್ ಮತ್ತು ಟಾಡ್ ರಾಜರ್ಸ್ ಎಂಬ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹೈಸ್ಕೂಲಿನಲ್ಲಿ ಫೇಲಾಗಿ ಬೇಸಿಗೆ ರಜೆಯಲ್ಲಿ ಮತ್ತೆ ಓದುತ್ತಿದ್ದ ವಿದ್ಯಾರ್ಥಿಗಳ ಪೋಷಕರಿಗೆ ಉಪಾಧ್ಯಾಯರಿಂದ ವಾರಕ್ಕೆ ಒಂದೇ ಒಂದು ವಾಕ್ಯ ಹೋಗುತ್ತಿತ್ತು. ಇಂಥ ಸಂದೇಶ ಹೋಗದವರಲ್ಲಿ ನೂರಕ್ಕೆ 15.8 ಮಂದಿ ತೇರ್ಗಡೆಯಾಗದೆ ಉಳಿದರೆ, ಹೋದವರಲ್ಲಿ ಆ ಸಂಖ್ಯೆ 9.3ಕ್ಕೆ ಇಳಿಯಿತು. ಬರೀ ಹೊಗಳಿಕೆಗಿಂತ ‘ಇದನ್ನು ಸುಧಾರಿಸಿಕೊಳ್ಳಬೇಕು’ ಎಂದು ತಿಳಿಸಿದ ವಾಕ್ಯಗಳ ಪರಿಣಾಮ ಹೆಚ್ಚಾಗಿತ್ತು. ಅವರು ದೊಡ್ಡ ಮಕ್ಕಳು, ಆ ದೇಶ ಬೇರೆ, ನಿಜ. ಆದರೂ ಚಿಕ್ಕ ಮಾತೊಂದು ವಾರವಾರವೂ ತಪ್ಪದೆ ಮನೆ ಸೇರಿದರೆ ಮನೆಯ ಮಾತುಕತೆ ಬದಲಾಗುತ್ತದೆ ಎಂಬುದನ್ನು ನಾವೂ ಒಪ್ಪಬಹುದು. ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ಮನೆಗೂ ಶಾಲೆಗೂ ಓಡಾಡುವ ‘ರೆನ್‌ರಾಕುಚೋ’ ಎಂಬ ಚಿಕ್ಕ ಪುಸ್ತಕವನ್ನು ಮಕ್ಕಳು ಚೀಲದಲ್ಲಿ ಇಟ್ಟುಕೊಂಡಿರುತ್ತಾರೆ. ನಮ್ಮ ಶಾಲೆಗಳ ಡೈರಿಯೂ ಅಂಥದ್ದೇ. ಅದು ದೂರಿನ ಪುಸ್ತಕವಾಗಿ ಉಳಿಯಬಾರದು ಅಷ್ಟೆ.

‘ಮೂವತ್ತು ಮಕ್ಕಳಿಗೂ ಪ್ರತ್ಯೇಕವಾಗಿ ಬರೆಯಲು ಸಮಯವೆಲ್ಲಿದೆ?’ ಎಂದು ನನ್ನ ಸಹೋದ್ಯೋಗಿಗಳು ಕೇಳುವುದು ಸಹಜ. ಗಣತಿ, ತರಬೇತಿ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ಇವುಗಳ ನಡುವೆ ಪಾಠಕ್ಕೇ ಹೊತ್ತು ಸಾಲದು. ಆದರೆ ಚೀಟಿ ಎಲ್ಲರಿಗೂ ಒಂದೇ. ಪ್ರತ್ಯೇಕ ಮಾತನ್ನು ದಿನಕ್ಕೆ ಆರು ಮಕ್ಕಳಿಗೆ, ಒಂದೊಂದೇ ಸಾಲಿನಂತೆ ಬರೆದರೆ ಐದು ದಿನಕ್ಕೆ ಮೂವತ್ತು ಮಕ್ಕಳೂ ಮುಗಿದರು. ‘52ರಲ್ಲಿ 27 ಕಳೆಯುವಂಥ ಲೆಕ್ಕದಲ್ಲಿ ತಡವರಿಸುತ್ತಾಳೆ. ಅಂಗಡಿಯ ಚಿಲ್ಲರೆ ಲೆಕ್ಕ ಮಾಡಿಸಿ’ ಎಂಬಂಥ ಸಾಲು. ‘ಗಮನ ಸಾಲದು’ ಎಂಬುದು ಸಾಲಲ್ಲ. ಅದನ್ನು ಓದಿದ ತಂದೆ ಮಾಡಬಹುದಾದದ್ದು ಗದರಿಕೆಯೊಂದೇ.

ಪೋಷಕರಿಗೆ, ಮಕ್ಕಳಿಗೆ

ಪೋಷಕರಲ್ಲಿ ಒಂದು ವಿನಂತಿ. ಭಾನುವಾರ ಕಾಲು ಗಂಟೆ ಮೊಬೈಲು, ಟಿವಿ ಪಕ್ಕಕ್ಕಿಟ್ಟು ಮಗುವಿನೊಡನೆ ಕುಳಿತುಕೊಳ್ಳಿ. ಚೀಟಿ ಬರದ ಶಾಲೆಯಾದರೆ ನೋಟ್ ಪುಸ್ತಕವನ್ನೇ ತೆರೆಸಿ, ಈ ವಾರದ ಒಂದು ಪುಟ ತೋರಿಸಿ ವಿವರಿಸೆಂದು ಕೇಳಿ. ತಪ್ಪು ಕಂಡರೆ ಕೂಡಲೇ ತಿದ್ದಬೇಡಿ, ‘ಇದನ್ನು ಹೇಗೆ ಮಾಡಿದೆ?’ ಎಂದು ಕೇಳಿ. ಮಗು ಹೇಳುತ್ತಾ ಹೇಳುತ್ತಾ ಎಷ್ಟೋ ಸಲ ತಾನೇ ತಿದ್ದಿಕೊಳ್ಳುತ್ತದೆ. ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸಬೇಡಿ. ಹೋಲಿಸಲೇಬೇಕೆಂದರೆ ನಿಮ್ಮ ಮಗುವಿನ ಹೋದ ತಿಂಗಳ ಪುಟದೊಂದಿಗೆ ಹೋಲಿಸಿ. ಜಾತ್ರೆಗೋ ಸುಗ್ಗಿಗೋ ಊರಿಗೆ ಹೋಗಿ ಒಂದು ವಾರ ಶಾಲೆ ತಪ್ಪಿದರೆ, ಬಂದೊಡನೆ ಆ ವಾರದ ಚೀಟಿಯನ್ನು ಕೇಳಿ ಪಡೆಯಿರಿ. ತಪ್ಪಿದ ಮೆಟ್ಟಿಲು ಯಾವುದೆಂದು ತಿಳಿದರೆ ಹತ್ತಿಸುವುದು ಸುಲಭ. ಪೋಷಕರ ಸಭೆಯನ್ನು ಭಾನುವಾರ ಅಥವಾ ಸಂಜೆ ಇಡಿ ಎಂದು ಎಸ್‌ಡಿಎಂಸಿಯಲ್ಲಿ ಕೇಳಲು ಹಿಂಜರಿಯಬೇಡಿ. ಆ ಸಮಿತಿ ಇರುವುದೇ ನಿಮ್ಮ ಮಾತಿಗಾಗಿ.

ಇನ್ನು ಮಕ್ಕಳೇ, ನಿಮಗೊಂದು ಮಾತು. ಕಲಿತದ್ದನ್ನು ಮನೆಗೆ ಒಯ್ಯುವವರು ಕೊನೆಗೂ ನೀವೇ. ಅಪ್ಪ ರಾತ್ರಿ ಪಾಳಿ ಮುಗಿಸಿ ಮಲಗಿದ್ದರೆ ಏಳುವವರೆಗೆ ಕಾಯಿರಿ. ಅಮ್ಮ ಭಾನುವಾರ ಬಟ್ಟೆ ಒಗೆಯುತ್ತಿದ್ದರೆ ಎರಡು ಒದ್ದೆ ಕರವಸ್ತ್ರ ಕೇಳಿ ಪಡೆದುಕೊಳ್ಳಿ. ಒಂದನ್ನು ಮಡಿಸಿಡಿ, ಒಂದನ್ನು ಹರವಿ. ಯಾವುದು ಮೊದಲು ಒಣಗಿತು, ಎಷ್ಟು ಹೊತ್ತು ಹಿಡಿಯಿತು ಎಂದು ಬರೆದುಕೊಂಡು ಸೋಮವಾರ ನಿಮ್ಮ ಮೇಷ್ಟ್ರಿಗೆ ತೋರಿಸಿ.