ಉಸಿರಿನ ಯಂತ್ರವೂ ಮೊದಲ ತಿಂಗಳ ಪಾಡೂ

ಗೊರಕೆಯೆಂದರೆ ನಮ್ಮವರಿಗೆ ಹಾಸ್ಯದ ವಸ್ತು. ಕುಂಭಕರ್ಣನ ಹೆಸರು ಹೇಳಿ ನಕ್ಕುಬಿಡುವುದು, ಇಲ್ಲವೆ ‘ಪುಣ್ಯವಂತ, ತಲೆಯಿಟ್ಟಲ್ಲಿ ನಿದ್ರೆ’ ಎಂದು ಹೊಗಳುವುದು, ಇವೆರಡನ್ನು ಬಿಟ್ಟರೆ ಅದರ ವಿಷಯದಲ್ಲಿ ಮೂರನೆಯ ಮಾತನ್ನು ನಮ್ಮ ಮನೆಗಳಲ್ಲಿ ಕೇಳುವುದು ಅಪರೂಪ. ಮುಂಬಯಿಗೆ ಬಂದು ನೆಲೆಸಿದ ಎಷ್ಟೋ ಕನ್ನಡಿಗರ ಸಂಸಾರಗಳು ಬಹುಕಾಲ ಒಂದೇ ಕೋಣೆಯಲ್ಲಿ ಬಾಳಿದುವು; ಹೋಟೆಲುಗಳಲ್ಲಿ ದುಡಿದ ಹುಡುಗರು ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಸರಿಸಿ ಸಾಲಾಗಿ ಮಲಗಿದರು. ಒಬ್ಬನ ಗೊರಕೆ ಹತ್ತು ಮಂದಿಗೆ ಕೇಳುವ ಇಂಥ ಊರಿನಲ್ಲಿ ಕೂಡ, ಆ ಗೊರಕೆಯ ನಡುನಡುವೆ ಬರುವ ಮೌನವನ್ನು ಕಿವಿಗೊಟ್ಟು ಕೇಳಿದವರು ಎಷ್ಟು ಮಂದಿ? ಆಪತ್ತು ಇರುವುದು ಆ ಮೌನದಲ್ಲಿ.

ವೈದ್ಯರು ಸ್ಲೀಪ್ ಆಪ್ನಿಯಾ ಎಂದು ಕರೆಯುವ ಈ ವ್ಯಾಧಿಯಲ್ಲಿ, ನಿದ್ರೆ ಹತ್ತಿದೊಡನೆ ಗಂಟಲಿನ ಸ್ನಾಯುಗಳು ಸಡಿಲಗೊಂಡು, ನಾಲಗೆ ಹಿಂದಕ್ಕೆ ಜಾರಿ, ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಎದೆ ಹೆಣಗುತ್ತದೆ, ಗಾಳಿ ಮಾತ್ರ ಒಳಗೆ ಹೋಗದು. ರಕ್ತದಲ್ಲಿ ಆಮ್ಲಜನಕ ಕುಗ್ಗಿದಾಗ ಮೆದುಳು ಮಲಗಿದವನನ್ನು ಅರೆಕ್ಷಣ ತಟ್ಟಿ ಎಬ್ಬಿಸುತ್ತದೆ. ಆತ ಒಮ್ಮೆ ಜೋರಾಗಿ ಉಸಿರೆಳೆದು ಮತ್ತೆ ನಿದ್ರೆಗೆ ಜಾರುತ್ತಾನೆ. ಬೆಳಿಗ್ಗೆ ಇದರಲ್ಲಿ ಒಂದೂ ಅವನ ನೆನಪಿನಲ್ಲಿರುವುದಿಲ್ಲ. ಹೀಗೆ 10 ಸೆಕೆಂಡಿಗೆ ಕಡಮೆಯಿಲ್ಲದಂತೆ ಉಸಿರು ನಿಂತರೂ ತೀರ ಕ್ಷೀಣಿಸಿದರೂ ಅದನ್ನು ಒಂದು ಎಂದು ಎಣಿಸುತ್ತಾರೆ. ಗಂಟೆಗೆ 5ರಿಂದ 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದಕ್ಕೆ ಮೀರಿದರೆ ತೀವ್ರ. ಗಂಟೆಗೆ 30 ಎಂದರೆ ಎರಡು ನಿಮಿಷಕ್ಕೊಮ್ಮೆ ಯಾರೋ ಕತ್ತು ಹಿಸುಕಿ ಬಿಟ್ಟಂತೆ. ಇದನ್ನು ಗಾಢನಿದ್ರೆಯೆನ್ನುವುದು ಹೇಗೆ?

ನಾವೂ ಈ ಪಂಕ್ತಿಗೆ ಸೇರಿ ನಾಲ್ಕು ತಿಂಗಳಾಯಿತು. ಮೈತುಂಬ ತಂತಿಗಳನ್ನು ಅಂಟಿಸಿಕೊಂಡು ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿದ ಫಲವಾಗಿ ನಮ್ಮ ಲೆಕ್ಕ ಗಂಟೆಗೆ 38 ಎಂದು ಗೊತ್ತಾಯಿತು. ಬೆಳಗಿನ ತಲೆನೋವು, ಬಾಯಿ ಒಣಗುವುದು, ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವುದು, ಎರಡು ಬಗೆಯ ಮಾತ್ರೆಗೂ ಬಗ್ಗದ ರಕ್ತದೊತ್ತಡ, ಲೋಕಲ್ ರೈಲಿನಲ್ಲಿ ಕುಳಿತೊಡನೆ ತೂಕಡಿಕೆ, ಇವೆಲ್ಲವನ್ನೂ ವಯಸ್ಸಿನ ಮತ್ತು ಮುಂಬಯಿ ಜೀವನದ ತಲೆಗೆ ಕಟ್ಟಿದ್ದೆವು. ಎಲ್ಲಕ್ಕೂ ಮೂಲ ಒಂದೇ ಇರಬಹುದೆಂದು ವೈದ್ಯರು ಹೇಳಿದಾಗ ಒಂದು ಬಗೆಯ ಸಮಾಧಾನವೇ ಆಯಿತೆನ್ನಬೇಕು. ಸ್ಥೂಲದೇಹಿಗಳಿಗೆ ಮಾತ್ರ ಬರುವ ರೋಗವಿದು ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಕೊಬ್ಬಿದ ಕತ್ತು ಮುಖ್ಯ ಕಾರಣವಾದರೂ ಚಿಕ್ಕ ದವಡೆಯ ತೆಳು ಮೈಯವರಿಗೂ ಇದು ಬರುವುದುಂಟು. ಏಷ್ಯಾದ ಜನರಲ್ಲಿ ಕಡಮೆ ತೂಕಕ್ಕೇ ಕಾಣಿಸಿಕೊಳ್ಳುತ್ತದೆ.

ರೋಗ ಹಳೆಯದು, ಮದ್ದು ಹೊಸದು. ಚಾರ್ಲ್ಸ್ ಡಿಕನ್ಸ್ 1836-37ರಲ್ಲಿ ಪ್ರಕಟಿಸಿದ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯಲ್ಲಿ, ನಿಂತಲ್ಲಿಯೇ ನಿದ್ರೆಹೋಗುವ ಜೋ ಎಂಬ ದಢೂತಿ ಹುಡುಗನಿದ್ದಾನೆ. 1956ರಲ್ಲಿ ಅಮೆರಿಕದ ವೈದ್ಯರು ಇದಕ್ಕೆ ಹತ್ತಿರದ ಒಂದು ವ್ಯಾಧಿಗೆ ಆ ಕಾದಂಬರಿಯ ಹೆಸರನ್ನೇ ಇಟ್ಟರು. 1965ರಲ್ಲಿ ಯೂರೋಪಿನ ವೈದ್ಯರು ನಿದ್ರೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವುದನ್ನು ದಾಖಲಿಸಿ ತೋರಿಸಿದರು. ಆದರೆ ತೀವ್ರ ರೋಗಿಗಳಿಗೆ ಇದ್ದ ಖಚಿತ ಉಪಾಯವೆಂದರೆ ಕತ್ತಿನಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡುವುದು! ಆಸ್ಟ್ರೇಲಿಯದ ಸಿಡ್ನಿ ನಗರದಲ್ಲಿ ಅಂಥ ಶಸ್ತ್ರಕ್ರಿಯೆಗೆ ಒಪ್ಪದ ರೋಗಿಯೊಬ್ಬನ ಮೇಲೆ ಕಾಲಿನ್ ಸಲಿವನ್ ಎಂಬ ವೈದ್ಯರು 1980ರಲ್ಲಿ ಬೇರೊಂದು ಪ್ರಯೋಗ ಮಾಡಿದರು. ಗಾಳಿಯೂದುವ ಮೋಟಾರಿನಿಂದ ಮೂಗಿನೊಳಕ್ಕೆ ಗಾಳಿಯ ಒತ್ತಡ ಕೊಟ್ಟರೆ ಗಂಟಲು ಮುಚ್ಚಿಕೊಳ್ಳದೆಂಬುದು ಅವರ ತರ್ಕ. ಐವರು ರೋಗಿಗಳ ಆ ವೃತ್ತಾಂತ 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ಇಂದು ಸಿಪ್ಯಾಪ್ ಎಂದು ಕರೆಯುವ ಯಂತ್ರದ ಜನ್ಮಕಥೆ ಇಷ್ಟೇ.

ಯಂತ್ರವು ಅನ್ನದ ಡಬ್ಬಿಗಿಂತ ತುಸು ದೊಡ್ಡದು. ಅದರಿಂದ ಒಂದು ಕೊಳವೆ, ಕೊಳವೆಯ ತುದಿಗೆ ಮೂಗನ್ನೋ ಮೂಗು ಬಾಯಿ ಎರಡನ್ನೋ ಮುಚ್ಚುವ ಮಾಸ್ಕು. ಇದರಲ್ಲಿ ಆಮ್ಲಜನಕವಿಲ್ಲ, ಔಷಧವಿಲ್ಲ. ಕೋಣೆಯ ಗಾಳಿಯನ್ನೇ ಸೋಸಿ ಒತ್ತಿ ಕಳುಹಿಸುತ್ತದೆ. ಒತ್ತಡವನ್ನು ನೀರಿನ ಸೆಂಟಿಮೀಟರುಗಳಲ್ಲಿ ಅಳೆಯುತ್ತಾರೆ, ಸಾಮಾನ್ಯವಾಗಿ 4ರಿಂದ 20ರವರೆಗೆ. ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವುಂಟು. 2020-21ರ ಮಹಾಮಾರಿಯ ದಿನಗಳಲ್ಲಿ ಮಾಸ್ಕಿನ ಕೆಳಗೆ ಏದುಸಿರು ಬಿಡುತ್ತಿದ್ದ ಬಂಧುಗಳನ್ನು ಕಂಡ ನಮ್ಮ ಜನಕ್ಕೆ ಕೊಳವೆಯನ್ನು ಕಂಡರೆ ಎದೆ ಧಸಕ್ಕೆನ್ನುತ್ತದೆ. ನಮ್ಮಲ್ಲಿಗೆ ಬಂದ ನೆರೆಯವರೊಬ್ಬರು ಮಂಚದ ಪಕ್ಕ ನೋಡಿ, “ಏನು ರಾಯರೆ, ಆಕ್ಸಿಜನ್ ಹಚ್ಚುವವರೆಗೆ ಬಂತೇ?” ಎಂದು ಸ್ವರ ತಗ್ಗಿಸಿ ಕೇಳಿದರು. ಅವರಿಗೆ ಕಾಫಿ ಕೊಟ್ಟು ವಿಷಯ ತಿಳಿಸುವುದರಲ್ಲಿ ಅರ್ಧ ಗಂಟೆ ಕಳೆಯಿತು. ಹೊರಡುವಾಗ ಅವರು ಕೇಳಿದ್ದು ತಮ್ಮ ಅಣ್ಣನ ಗೊರಕೆಯ ಕುರಿತು.

ಈಗ ಮೊದಲ ರಾತ್ರಿಗಳ ಮಾತು. ಯಂತ್ರವನ್ನು ಕೊಂಡವರಲ್ಲಿ ಅನೇಕರು ಮೊದಲ ಕೆಲವು ವಾರಗಳಲ್ಲಿಯೇ ಅದನ್ನು ಅಟ್ಟಕ್ಕೆ ಹಾಕಿಬಿಡುತ್ತಾರೆ. ಅವರು ಹೇಳುವ ಕಾರಣಗಳನ್ನು ಕೇಳಿದರೆ, ಬಹುಪಾಲು ದೋಷಗಳು ರೋಗದವಲ್ಲ, ರೋಗಿಯವೂ ಅಲ್ಲ, ಪಟ್ಟಿ ಕೊಳವೆಗಳವು. ಇದು ನಮ್ಮ ಅಭಿಪ್ರಾಯ.

ಮಾಸ್ಕು ಮುಖಕ್ಕೆ ಬಿದ್ದೊಡನೆ ಉಸಿರು ಕಟ್ಟಿದಂತಾಗುವುದು ಎಲ್ಲಕ್ಕೂ ಮೊದಲ ಭಯ. ಉಸಿರು ಕಟ್ಟದಿರಲೆಂದು ತಂದ ಸಾಧನವೇ ಉಸಿರು ಕಟ್ಟಿಸುವಂತೆ ತೋರುವುದು ವಿಚಿತ್ರವಾದರೂ ಸತ್ಯ. ಇದಕ್ಕೆ ರಾತ್ರಿ ಹೋರಾಡಿ ಫಲವಿಲ್ಲ. ಹಗಲಿನಲ್ಲಿ ಕುಳಿತು ಪತ್ರಿಕೆ ಓದುವಾಗಲೋ ಟೀವಿ ನೋಡುವಾಗಲೋ ಅರ್ಧ ಗಂಟೆ ಧರಿಸಿ ಅಭ್ಯಾಸ ಮಾಡಬೇಕು. ಮೊದಲು ಕೈಯಲ್ಲಿ ಹಿಡಿದು, ಬಳಿಕ ಪಟ್ಟಿ ಬಿಗಿದು, ಕೊನೆಗೆ ಗಾಳಿ ಹಾಯಿಸಿ. ಒತ್ತಡವನ್ನು ಕಡಮೆಯಿಂದ ಆರಂಭಿಸಿ ಮೆಲ್ಲಮೆಲ್ಲನೆ ಏರಿಸುವ ಏರ್ಪಾಡು ಯಂತ್ರದಲ್ಲಿಯೇ ಇರುತ್ತದೆ. ಅಂಗಡಿಯವರಿಂದ ಅದನ್ನು ಕೇಳಿ ತಿಳಿಯುವುದು ಅಗತ್ಯ. ನಮಗೆ ಈ ಅಭ್ಯಾಸಕ್ಕೆ ಹತ್ತು ದಿವಸ ಹಿಡಿಯಿತು.

ಎರಡನೆಯದು ಗಾಳಿ ಸೋರುವುದು. ಸೋರಿದ ಗಾಳಿ ಕಣ್ಣಿಗೆ ಹೊಡೆದು ಬೆಳಿಗ್ಗೆ ಕಣ್ಣು ಕೆಂಪಾಗುತ್ತದೆ. ಪಟ್ಟಿಯನ್ನು ಇನ್ನಷ್ಟು ಬಿಗಿಯುವುದು ಎಲ್ಲರೂ ಮಾಡುವ ಸಹಜ ಉಪಾಯ; ಅದರಿಂದ ಮೂಗಿನ ಮೇಲೆ ಗಾಯವಾಗುವುದಲ್ಲದೆ ಸೋರಿಕೆ ಹೆಚ್ಚುವುದೂ ಉಂಟು. ಮಲಗಿದ ಮೇಲೆ, ಗಾಳಿ ಹಾಯುತ್ತಿರುವಾಗ, ಮಾಸ್ಕನ್ನು ತುಸು ಮುಂದಕ್ಕೆ ಎತ್ತಿ ಮತ್ತೆ ಕೂರಿಸಿದರೆ ಅದು ತಾನಾಗಿ ಸರಿಹೊಂದುತ್ತದೆ. ಸೊಂಪಾದ ಮೀಸೆ ಗಡ್ಡಗಳವರಿಗೆ ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಚಿಕ್ಕ ಮಾಸ್ಕು ಮೇಲು. ಇನ್ನು, ನಮ್ಮ ಕರಾವಳಿಯವರು ರಾತ್ರಿ ತಲೆಗೆ ಹಚ್ಚುವ ತೆಂಗಿನೆಣ್ಣೆ! ಅದು ಹಣೆಗೆ ಕೆನ್ನೆಗೆ ಇಳಿದು ಸಿಲಿಕೋನಿನ ಅಂಚನ್ನು ಜಾರಿಸುತ್ತದೆ, ಕಾಲಕ್ರಮದಲ್ಲಿ ಕೆಡಿಸುತ್ತದೆ. ಮಲಗುವ ಮುನ್ನ ಮುಖವನ್ನು ಸೋಪಿನಿಂದ ತೊಳೆದು ಒರೆಸುವುದು ಎಣ್ಣೆಯ ಅಭಿಮಾನಿಗಳಿಗೆ ಅನಿವಾರ್ಯ.

ಬಾಯಿ ತೆರೆದು ಮಲಗುವವರಿಗೆ ಬಾಯಿ ಮರದ ತೊಗಟೆಯಂತೆ ಒಣಗುತ್ತದೆ. ಅಂಥವರಿಗೆ ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕು ಬೇಕಾದೀತು. ಮೂಗೇ ಕಟ್ಟಿದ್ದರೆ ಮೊದಲು ಮೂಗಿನ ವೈದ್ಯರನ್ನು ಕಾಣಬೇಕು. ಗಾಳಿಯನ್ನು ತೇವಗೊಳಿಸುವ ನೀರಿನ ತೊಟ್ಟಿ ಹೆಚ್ಚಿನ ಯಂತ್ರಗಳೊಡನೆ ಸಿಗುತ್ತದೆ. ಅದಕ್ಕೆ ಡಿಸ್ಟಿಲ್ಡ್ ನೀರನ್ನೇ ಹಾಕಬೇಕು. ನಳದ ನೀರಿನಿಂದ ತೊಟ್ಟಿಯಲ್ಲಿ ಸುಣ್ಣ ಕಟ್ಟುತ್ತದೆ. ಮಳೆಗಾಲದಲ್ಲಿ ಏರ್ ಕಂಡಿಷನರ್ ಹಾಕಿ ಮಲಗಿದರೆ ಕೊಳವೆಯಲ್ಲಿ ತೇವ ಹನಿಗಟ್ಟಿ ನಡುರಾತ್ರಿ ಮೂಗಿಗೆ ನೀರು ಚಿಮ್ಮುತ್ತದೆ. ಬೆಚ್ಚಿಬಿದ್ದು ಎದ್ದರೆ ಮತ್ತೆ ನಿದ್ರೆ ಬರುವುದು ಕಷ್ಟ. ತೇವದ ಪ್ರಮಾಣವನ್ನು ಇಳಿಸುವುದು, ಕೊಳವೆಗೆ ಬಟ್ಟೆಯ ಹೊದಿಕೆ ತೊಡಿಸುವುದು ಇದಕ್ಕೆ ಪರಿಹಾರ. ಹೊಟ್ಟೆಯಲ್ಲಿ ಗಾಳಿ ತುಂಬಿ ತೇಗು ಬರುತ್ತಿದ್ದರೆ ವೈದ್ಯರಿಗೆ ತಿಳಿಸತಕ್ಕದ್ದು. ಒತ್ತಡವನ್ನು ತಾವೇ ತಿರುಗಿಸಿಕೊಳ್ಳುವ ಸಾಹಸ ಬೇಡ. ಮಾಸ್ಕನ್ನು ದಿನವೂ, ಕೊಳವೆಯನ್ನು ವಾರಕ್ಕೊಮ್ಮೆ ಸಾಧಾರಣ ಸೋಪಿನ ನೀರಿನಿಂದ ತೊಳೆಯಬೇಕು. ಗಾಳಿ ಸೋಸುವ ಫಿಲ್ಟರು ಈ ಊರಿನ ಧೂಳಿಗೆ ಎಷ್ಟು ಬೇಗ ಕಪ್ಪಾಗುತ್ತದೆಂಬುದನ್ನು ನೋಡಿದರೆ ನಾವು ಹಗಲೆಲ್ಲ ಏನನ್ನು ಉಸಿರಾಡುತ್ತೇವೆಂದು ದಿಗಿಲಾಗುತ್ತದೆ.

ಇಷ್ಟೆಲ್ಲ ಸರಿಹೋದ ಮೇಲೂ ಒಂದು ಸಂಗತಿಯನ್ನು ಹೊಸ ರೋಗಿ ಮನಸ್ಸಿಗೆ ತಂದುಕೊಳ್ಳಬೇಕು. ಯಂತ್ರ ರೋಗವನ್ನು ನೀಗುವುದಿಲ್ಲ. ಕನ್ನಡಕ ಹಾಕಿದಾಗ ಮಾತ್ರ ಅಕ್ಷರ ಕಾಣುವಂತೆ, ಧರಿಸಿದ ರಾತ್ರಿಯಲ್ಲಿ, ಧರಿಸಿದಷ್ಟು ಹೊತ್ತು, ಅಷ್ಟೇ ಅದರ ಫಲ. ರಾತ್ರಿಗೆ 4 ಗಂಟೆಯಾದರೂ ಧರಿಸಬೇಕೆಂಬ ಲೆಕ್ಕ ವೈದ್ಯರಲ್ಲಿ ಬಳಕೆಯಲ್ಲಿದೆ. ಆ ನಾಲ್ಕನ್ನು ಮುಗಿಸಿ ಬೆಳಗಿನ ಜಾವ ಮೂರಕ್ಕೆ ಮಾಸ್ಕು ಕಿತ್ತು ಮಲಗುವ ಜಾಣರುಂಟು. ಕನಸು ಬೀಳುವ ನಿದ್ರೆ ಹೆಚ್ಚಾಗಿ ಬರುವುದು ರಾತ್ರಿಯ ಕೊನೆಯ ಭಾಗದಲ್ಲಿ. ಮೈಯ ಸ್ನಾಯುಗಳು ಅತ್ಯಂತ ಸಡಿಲವಾಗಿದ್ದು ಉಸಿರು ಹೆಚ್ಚು ಕಟ್ಟುವುದೂ ಅನೇಕರಿಗೆ ಆಗಲೇ. ಮಧ್ಯಾಹ್ನದ ಕಿರುನಿದ್ರೆಗೂ ಇದೇ ಮಾತು. 2016ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ, ಹೃದಯ ಅಥವಾ ಮೆದುಳಿನ ರಕ್ತನಾಳದ ರೋಗ ಮೊದಲೇ ಇದ್ದ ಸುಮಾರು 2,700 ಮಂದಿಯಲ್ಲಿ ಯಂತ್ರದಿಂದ ಹೃದಯಾಘಾತ, ಲಕ್ವಗಳು ಕಡಮೆಯಾದುದು ಕಂಡುಬರಲಿಲ್ಲ. ಹಗಲಿನ ತೂಕಡಿಕೆ ಕಡಮೆಯಾಗಿ ಮನಸ್ಸಿನ ಸ್ಥಿತಿ ಸುಧಾರಿಸಿದ್ದು ಮಾತ್ರ ಸ್ಪಷ್ಟವಾಗಿತ್ತು. ಅವರು ಸರಾಸರಿ ಯಂತ್ರವನ್ನು ಧರಿಸಿದ್ದು ರಾತ್ರಿಗೆ 3.3 ಗಂಟೆ! ಹೆಚ್ಚು ಹೊತ್ತು ಧರಿಸಿದ್ದರೆ ಏನಾಗುತ್ತಿತ್ತೆಂಬ ಚರ್ಚೆ ವೈದ್ಯರಲ್ಲಿ ಇನ್ನೂ ಮುಗಿದಿಲ್ಲ. ಟ್ಯಾಕ್ಸಿ, ಲಾರಿ ನಡೆಸಿ ಹೊಟ್ಟೆ ಹೊರೆಯುವ ನಮ್ಮ ಬಂಧುಗಳಿಗೆ ಆ ತೂಕಡಿಕೆಯೊಂದು ತಪ್ಪಿದರೂ ಅದು ಜೀವ ಉಳಿಸುವ ಮಾತು. ಅವರದಷ್ಟೇ ಅಲ್ಲ, ರಸ್ತೆಯಲ್ಲಿ ಎದುರು ಬರುವವರದೂ.

ನಾಚಿಕೆ ಎಂಬುದೊಂದು ಬೇರೆ ಕಂಟಕ. ಹೆಂಡತಿಯ ಎದುರು, ಸೊಸೆಯ ಎದುರು, ಆನೆಯ ಸೊಂಡಿಲಿನಂಥ ಕೊಳವೆ ಕಟ್ಟಿಕೊಂಡು ಮಲಗುವುದೇ ಎಂದು ಹಿಂಜರಿಯುವ ಹಿರಿಯರನ್ನು ಬಲ್ಲೆವು. ಗೊರಕೆಯ ಮತ್ತು ನಡುವಣ ಮೌನದ ನಿಜವಾದ ಸಾಕ್ಷಿ ಮನೆಯಾಕೆಯೇ. ವರ್ಷಗಟ್ಟಲೆ ಪಕ್ಕದಲ್ಲಿ ಎಚ್ಚರವಿದ್ದು, ಉಸಿರು ಮರಳುವವರೆಗೆ ಲೆಕ್ಕ ಹಾಕಿ, ಬಾರದಿದ್ದರೆ ಭುಜ ಅಲುಗಿಸಿದವಳು ಅವಳು. ಯಂತ್ರದ ಸದ್ದು ಫ್ಯಾನಿನ ಸದ್ದಿಗಿಂತ ಹೆಚ್ಚಿಲ್ಲ. ನಮ್ಮ ಮನೆಯವರು ಮೊದಲ ವಾರ ಆ ನಿಶ್ಶಬ್ದಕ್ಕೆ ಹೆದರಿ ಎರಡು ಸಲ ಎದ್ದು ಕುಳಿತರಂತೆ, “ಇವರು ಉಸಿರಾಡುತ್ತಿದ್ದಾರೋ ಇಲ್ಲವೋ” ಎಂದು. ಈಗ ಅವರೂ ಬೆಳಗಿನ ಆರರವರೆಗೆ ಏಳುವುದಿಲ್ಲ. ಹಾಲಿನವನು ಎರಡು ದಿನ ಬಾಗಿಲು ತಟ್ಟಿ ಹಿಂದಿರುಗಿದ್ದಾನೆ.

ಯಂತ್ರದ ಬೆಲೆ ಹತ್ತಾರು ಸಾವಿರ ರೂಪಾಯಿ, ಅಗ್ಗದ್ದಲ್ಲ. ಕೊಳ್ಳುವ ಮುನ್ನ ಬಾಡಿಗೆಗೆ ತಂದು ಎರಡು ಮೂರು ಬಗೆಯ ಮಾಸ್ಕುಗಳನ್ನು ಪರೀಕ್ಷಿಸುವುದು ಜಾಣತನ. ತೀರಿಹೋದ ಭಾವನವರ ಯಂತ್ರ ಮನೆಯಲ್ಲಿದೆಯೆಂದು ತಂದು ಹಾಕಿಕೊಳ್ಳುವುದು ಸಲ್ಲದು, ಅದರ ಒತ್ತಡ ಅವರ ಗಂಟಲಿಗೆ ಗೊತ್ತುಮಾಡಿದ್ದು. ತೂಕ ಇಳಿಸಿದರೆ ರೋಗ ತಗ್ಗುವುದುಂಟು. ಸ್ಥೂಲಕಾಯದ ರೋಗಿಗಳಿಗಾಗಿ ಟಿರ್ಜೆಪಟೈಡ್ ಎಂಬ ಚುಚ್ಚುಮದ್ದಿಗೆ ಅಮೆರಿಕ ಸರಕಾರ 2024ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿದೆ. ಸೌಮ್ಯ ರೋಗಕ್ಕೆ ದವಡೆಯನ್ನು ಮುಂದಕ್ಕೆ ಹಿಡಿಯುವ ಹಲ್ಲಿನ ಅಚ್ಚೂ ಇದೆ. ಮದ್ಯ ಮತ್ತು ನಿದ್ರೆಯ ಮಾತ್ರೆಗಳು ಗಂಟಲನ್ನು ಇನ್ನಷ್ಟು ಸಡಿಲಿಸುವುದರಿಂದ ವರ್ಜ್ಯ.

ಕೊನೆಯದಾಗಿ ಊರಿಗೆ ಹೋಗುವ ಪ್ರಸಂಗ. ಮತ್ಸ್ಯಗಂಧದಲ್ಲಿ ಮಧ್ಯಾಹ್ನ ಹೊರಟವರು ರಾತ್ರಿಯನ್ನು ರೈಲಿನಲ್ಲಿಯೇ ಕಳೆಯಬೇಕು. ಬರ್ತಿನ ಪಕ್ಕದ ಪ್ಲಗ್ಗನ್ನು ನಂಬುವಂತಿಲ್ಲ. ಬೆಂಕಿಯ ಭಯದಿಂದ ರಾತ್ರಿ 11ರಿಂದ ಬೆಳಗಿನ 5ರವರೆಗೆ ಅವುಗಳ ವಿದ್ಯುತ್ತನ್ನು ನಿಲ್ಲಿಸುವ ಕ್ರಮವನ್ನು 2021ರಲ್ಲಿ ರೈಲ್ವೆಯವರು ಜಾರಿಗೆ ತಂದರು. ಯಂತ್ರಕ್ಕೆ ಹೊಂದುವ ಬ್ಯಾಟರಿ ಕೊಂಡರೆ ಆಷಾಢದ ಗಾಳಿಮಳೆಗೆ ಹಳ್ಳಿಯಲ್ಲಿ ಕರೆಂಟು ಹೋದಾಗಲೂ ಉಪಯೋಗವಾಗುತ್ತದೆ. ಬ್ಯಾಟರಿಯಿಲ್ಲದ ರಾತ್ರಿ ಮಗ್ಗುಲಾಗಿ, ತಲೆಯ ಕಡೆಯನ್ನು ಎತ್ತರಿಸಿ ಮಲಗಬೇಕು, ಅಂಗಾತ ಬೇಡ. ಊರಿನಲ್ಲಿಯೋ ಇಲ್ಲಿಯೋ ಯಾವುದೇ ಶಸ್ತ್ರಕ್ರಿಯೆಗೆ ಹೋಗುವ ಪ್ರಸಂಗ ಬಂದರೆ, ಅರಿವಳಿಕೆ ಕೊಡುವ ವೈದ್ಯರಿಗೆ ಈ ರೋಗದ ವಿಷಯ ಮೊದಲೇ ತಿಳಿಸಿ ಯಂತ್ರವನ್ನೂ ಜೊತೆಗೆ ಒಯ್ಯುವುದು. ಪೆಟ್ಟಿಗೆ ಕಟ್ಟುವಾಗ ನೀರಿನ ತೊಟ್ಟಿಯನ್ನು ಬರಿದುಮಾಡಿ ಒರೆಸಿ ಬೇರೆಯಾಗಿಡತಕ್ಕದ್ದು; ಓರೆಯಾದರೆ ನೀರು ಮೋಟಾರಿಗೆ ಇಳಿಯುತ್ತದೆ.