ಬಿಸಿಯೇರಿದ ಲ್ಯಾಪ್‌ಟಾಪ್ ನಿಧಾನವಾಗುವುದೇಕೆ?

ಮಂಡ್ಯ, ಮದ್ದೂರು, ಮಳವಳ್ಳಿಯ ಸೀಮೆಯಲ್ಲಿ ಆಲೆಮನೆಯನ್ನು ಕಾಣದವರು ವಿರಳ. ಕೊಪ್ಪರಿಗೆಯ ಪಾಕವು ಹದ ಮೀರುವಂತಾದರೆ ಒಲೆಯ ಬಳಿಯಿರುವವನು ಉರಿಯನ್ನು ತಗ್ಗಿಸುತ್ತಾನೆ; ಕೆಲಸ ತಡವಾದರೂ ಬೆಲ್ಲ ಸೀಯುವುದಿಲ್ಲ. ಲ್ಯಾಪ್‌ಟಾಪಿನ ಪ್ರೊಸೆಸರ್ ಅನುಸರಿಸುವುದೂ ಇದೇ ನೀತಿಯನ್ನೇ.

ಉಗುರಿನಗಲದ ಸಿಲಿಕಾನ್ ಬಿಲ್ಲೆಯೊಂದರಲ್ಲಿ ನೂರಾರು ಕೋಟಿ ಟ್ರಾನ್ಸಿಸ್ಟರುಗಳಿರುತ್ತವೆ. ಅವು ಬಳಸುವ ವಿದ್ಯುತ್ತೆಲ್ಲವೂ ಕಡೆಗೆ ಶಾಖವಾಗಿ ಮಾರ್ಪಡುತ್ತದೆ. ಆಟವಾಡುವಾಗ ಪ್ರೊಸೆಸರ್ ಹಾಗೂ ಚಿತ್ರಗಳನ್ನು ರಚಿಸುವ ಚಿಪ್ ಎರಡೂ ಬಿಡುವಿಲ್ಲದೆ ದುಡಿಯುತ್ತವೆ. ತಾಮ್ರದ ಕೊಳವೆಗಳು ಆ ಶಾಖವನ್ನು ಅಂಚಿಗೆ ಒಯ್ಯುತ್ತವೆ. ಪುಟ್ಟ ಫ್ಯಾನು ಅದನ್ನು ಹೊರದೂಡುತ್ತದೆ. ಹುಟ್ಟುವ ಶಾಖವು ಹೊರಹೋಗುವುದಕ್ಕಿಂತ ಮಿಗಿಲಾಗಿ, ಉಷ್ಣತೆಯು ಸುಮಾರು 100 ಡಿಗ್ರಿ ಸೆಲ್ಸಿಯಸ್ಸನ್ನು ಸಮೀಪಿಸಿದಾಗ ಪ್ರೊಸೆಸರ್ ತನ್ನ ವೇಗವನ್ನೂ ವೋಲ್ಟೇಜನ್ನೂ ತಾನೇ ಇಳಿಸಿಕೊಳ್ಳುತ್ತದೆ. ಆಗ ಆಟವು ತಡೆತಡೆದು ಸಾಗುತ್ತದೆ. ಇದೂ ಸಾಲದಾದರೆ ಯಂತ್ರವೇ ನಿಂತುಹೋಗುತ್ತದೆ.

ಆದುದರಿಂದ ಈ ನಿಧಾನವು ರೋಗವಲ್ಲ, ರಕ್ಷಣೆ. ಮಕ್ಕಳ ಓದಿಗೆಂದು ಕಷ್ಟದ ದುಡ್ಡಿನಿಂದ ಕೊಂಡ ಯಂತ್ರ ಕೆಟ್ಟಿತೆಂದು ಹೆತ್ತವರು ಗಾಬರಿಗೊಳ್ಳಬೇಕಿಲ್ಲ. ಹಾಸಿಗೆಯ ಮೇಲಿಟ್ಟರೆ ಗಾಳಿಯ ಕಿಂಡಿಗಳು ಮುಚ್ಚುತ್ತವೆ. ಗಟ್ಟಿ ಮೇಜಿನ ಮೇಲಿಡಬೇಕು. ಧೂಳನ್ನು ತೆಗೆಸಬೇಕು. ಹಳೆಯ ಯಂತ್ರವಾದರೆ ಪ್ರೊಸೆಸರಿನ ಮೇಲೆ ಒಣಗಿದ ಶಾಖವಾಹಕ ಲೇಪವನ್ನು ಬಲ್ಲವರಿಂದ ಬದಲಾಯಿಸಬೇಕು. ಬೇಸಗೆಯ ನಡುಹಗಲಿನಲ್ಲಿ ಫ್ಯಾನಿಗೆ ದೊರೆಯುವ ಗಾಳಿಯೇ ಬಿಸಿ; ಆಗ ಆಟಕ್ಕೆ ವಿರಾಮವೇ ಲೇಸು. ದುಡಿಯುವ ಯಂತ್ರಕ್ಕೂ ಉಸಿರಾಡಲು ಎಡೆ ಬೇಕು.