‘ಬಂಜರು’ ನೆಲದಲ್ಲಿ ಕಳೆದುಹೋಗುವ ಜೀವಗಳ ಲೆಕ್ಕ

ಆಂಧ್ರದ ಮಡಕಶಿರಾ ಸೀಮೆಯಿಂದ ಗಡಿ ದಾಟಿದರೆ ಕರ್ನಾಟಕದ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ. ಅಲ್ಲಿನ 798 ಎಕರೆ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು. ಕೃಷ್ಣಮೃಗವನ್ನು ಕಾಯುವುದು ಅದರ ಕಣ್ಣು ಮತ್ತು ಕಾಲು. ದೂರದಲ್ಲೇ ಅಪಾಯ ಕಂಡು ಓಡಲು ಅದಕ್ಕೆ ಬಯಲು ಬೇಕು. ಆ ಬಯಲಲ್ಲಿ ನೀಲಗಿರಿ ನೆಟ್ಟರೆ ನಮಗೆ ಕಾಡು ಬೆಳೆದಂತೆ, ಜಿಂಕೆಗೆ ಮನೆ ಕುಗ್ಗಿದಂತೆ. ರಾಯದುರ್ಗ, ಮಡಕಶಿರಾ ಕಡೆಯ ಕುರುಚಲು ಬಯಲು ಚೂರುಚೂರಾದಾಗ ಎಷ್ಟು ಪ್ರಭೇದಗಳು ಅಳಿಯುತ್ತವೆ ಎಂಬ ಲೆಕ್ಕದ ತೊಡಕು ಶುರುವಾಗುವುದೇ ಇಲ್ಲಿ. ಕಂದಾಯ ಕಡತದಲ್ಲಿ ‘ಬಂಜರು’ ಎಂದು ಬರೆದ ನೆಲವನ್ನು ಯಾರೂ ಆವಾಸವೆಂದು ಎಣಿಸುವುದಿಲ್ಲ. ಎಣಿಸದ ಮೇಲೆ ಅದರ ನಷ್ಟವೂ ಲೆಕ್ಕಕ್ಕೆ ಬರುವುದಿಲ್ಲ.

ವಿಜ್ಞಾನಿಗಳು ಬಹುಕಾಲದಿಂದ ಬಳಸುವ ಅಳತೆಗೋಲು ವಿಸ್ತೀರ್ಣ. ದ್ವೀಪ ಚಿಕ್ಕದಾದಷ್ಟೂ ಅಲ್ಲಿನ ಪ್ರಭೇದಗಳು ಕಡಿಮೆ ಎಂಬ ತತ್ತ್ವವನ್ನು ಮ್ಯಾಕ್‌ಆರ್ಥರ್ ಮತ್ತು ವಿಲ್ಸನ್ 1967ರಲ್ಲಿ ಸಿದ್ಧಾಂತವಾಗಿ ಬೆಳೆಸಿದರು. ಚೂರಾದ ಆವಾಸವನ್ನೂ ದ್ವೀಪವೆಂದೇ ಎಣಿಸಿ, ವಿಸ್ತೀರ್ಣಕ್ಕೂ ಪ್ರಭೇದಗಳ ಸಂಖ್ಯೆಗೂ ಇರುವ ನಂಟಿನ ಸೂತ್ರದಲ್ಲಿ ಘಾತ 0.25 ಎಂದಿಟ್ಟುಕೊಂಡರೆ, ಆವಾಸದ ಶೇ 90 ಭಾಗ ಹೋದಾಗ ಪ್ರಭೇದಗಳಲ್ಲಿ ಸುಮಾರು ಶೇ 44 ಕ್ರಮೇಣ ಇಲ್ಲವಾಗುತ್ತವೆ, ಘಾತ 0.15 ಆದರೆ ಶೇ 29. ಇಲ್ಲಿ ‘ಕ್ರಮೇಣ’ ಎಂಬ ಮಾತಿಗೆ ತೂಕ ಹೆಚ್ಚು. ರಾಯದುರ್ಗ 1953ರವರೆಗೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯ ಎರೆಭೂತ ಪಕ್ಷಿಗಳು ಉಳಿದಿವೆ. ದೇಶದಲ್ಲೇ ಅವು ಸುಮಾರು 150. ಸಾಮಾನ್ಯವಾಗಿ ಒಂದು ಸಲಕ್ಕೆ ಇಡುವುದು ಒಂದೇ ಮೊಟ್ಟೆ. ಹೊಲದಲ್ಲಿ ಹಕ್ಕಿ ಕಂಡಿತೆಂದು ಸಮಾಧಾನಪಡುವಾಗ, ತೀರಿಸಲಾಗದ ಅಳಿವಿನ ಸಾಲ ಒಳಗೊಳಗೇ ಬೆಳೆದಿರುತ್ತದೆ.

ಇಂಥ ಅಂದಾಜು ಅತಿರೇಕದ್ದು ಎಂಬ ಆಕ್ಷೇಪವಿದೆ, ಅದಕ್ಕೆ ಆಧಾರವೂ ಇದೆ. ಈ ವಿಧಾನ ನಷ್ಟವನ್ನು ಶೇ 160ರವರೆಗೂ ಹೆಚ್ಚಿಸಿ ತೋರಿಸಬಹುದೆಂದು ಸಂಶೋಧಕರಾದ ಹೀ ಮತ್ತು ಹಬೆಲ್ 2011ರಲ್ಲಿ ವಾದಿಸಿದರು. ಹೊಲವೂ ಸಮುದ್ರವಲ್ಲ: ನೆಲಗುಬ್ಬಿ ಹೆಂಟೆಯ ಮಗ್ಗುಲಲ್ಲಿ ಸಣ್ಣ ಗುಳಿ ಮಾಡಿ, ಅಂಚಿಗೆ ಹರಳು ಜೋಡಿಸಿ ಮೊಟ್ಟೆಯಿಡುತ್ತದೆ. ಕಾಣದ್ದೆಲ್ಲ ಅಳಿದದ್ದೂ ಅಲ್ಲ. 1900ರಲ್ಲಿ ಅನಂತಪುರದ ಬಳಿ ದಾಖಲಾದ ಮೇಲೆ ಕಣ್ಮರೆಯಾಗಿದ್ದ ಕಲಿವಿ ಕೋಡಿ, ಅಂದರೆ ಜೆರ್ಡನ್ಸ್ ಕೋರ್ಸರ್, 1986ರಲ್ಲಿ ಕಡಪ ಜಿಲ್ಲೆಯಲ್ಲಿ ಮತ್ತೆ ಸಿಕ್ಕಿತು. ಇವೆಲ್ಲ ಒಪ್ಪತಕ್ಕ ಮಾತುಗಳೇ. ಆದರೆ ಅವು ಹೇಳುವುದು ಒಂದೇ ಅಂಕಿಯನ್ನು ನಂಬಬೇಡಿ ಎಂದಷ್ಟೇ, ನಷ್ಟವಿಲ್ಲ ಎಂದಲ್ಲ. ನೆಲಗುಬ್ಬಿ ತಾಳಿಕೊಂಡಿತು, ಎರೆಭೂತ ತಾಳಲಿಲ್ಲ. ಎಷ್ಟು ಹೋದವು ಎಂಬುದರ ಜೊತೆಗೆ ಯಾವುವು ಹೋದವು, ಉಳಿದ ತುಂಡುಗಳ ನಡುವೆ ಓಡಾಟ ಸಾಧ್ಯವೇ ಎಂದೂ ಕೇಳಬೇಕು.

ಬರದ ಸೀಮೆಯ ಜನಕ್ಕೆ ಬೆಳೆ, ವಿದ್ಯುತ್ತು, ಕೂಲಿ ಬೇಡವೇ ಎಂಬುದು ಇನ್ನೂ ಗಟ್ಟಿ ಪ್ರಶ್ನೆ. ಖಂಡಿತ ಬೇಕು. ಆದರೆ ಅದೇ ಬಯಲು ಕುರಿಗಾಹಿಯ ಮೇವೂ ಹೌದು; ಅದು ಹೋದರೆ ಜಿಂಕೆಯೊಂದಿಗೆ ಅವನೂ ನೆಲೆ ಕಳೆದುಕೊಳ್ಳುತ್ತಾನೆ. ಗಾಳಿಯಂತ್ರ, ಸೌರಫಲಕಗಳಿಗೆ ಜಾಗ ಗೊತ್ತುಮಾಡುವ ಮೊದಲು ಹುಲ್ಲುಗಾವಲಿನ ನಕ್ಷೆ ಮುಂದಿದ್ದರೆ, ತುಂಡುಗಳನ್ನು ಜೋಡಿಸುವ ದಾರಿಯನ್ನಾದರೂ ಬಿಡಬಹುದು. ಕರ್ನಾಟಕದ ಪಹಣಿಯಲ್ಲೂ ಆಂಧ್ರದ ಅಡಂಗಲ್‌ನಲ್ಲೂ ಆ ನೆಲ ಹುಲ್ಲುಗಾವಲೆಂದು ದಾಖಲಾಗಲಿ. ಗಡಿ ಅರಿಯದ ಜಿಂಕೆಯ ಲೆಕ್ಕವನ್ನು ಎರಡೂ ರಾಜ್ಯಗಳು ಕೂಡಿಯೇ ಬರೆಯಬೇಕು.